ತಿಡಗುಂದಿ ತಿರುವಿನ ಮುಳ್ಳು

ಗೋಡಿ ಮ್ಯಾಲ ಅಂಟಿಸೀನಿ ನೋಡ್ರಿ, ಪೇಪರಿನ ತುಂಡು,
ಹಳದಿ ಆಗೇತಿ. ಗೊಲ್ಲಾಳ ಅಂವ.
ಕೊರಳಾಗ ಪದಕ, ಹಲ್ಲಿನ ತುಂಬ ನಗಿ.
"ಬೆವರು ಸುರಿಸಿದರೆ ಫಲ ಇದ್ದೇ ಇದೆ"
ಅಂದಾನ ಕೆಳಗ, ದಪ್ಪ ಅಕ್ಷರದಾಗ.
ಸುಳ್ಳಲ್ಲ. ಅವನ ಬೆವರು ನಾ ಕಂಡೀನಿ,
ನನ್ನ ಬೆವರಿನ ಮಗ್ಗಲಕ್ಕ ಬಿದ್ದಿದ್ದು.

ಮುಂಜಾನಿ ನಾಕಕ್ಕ ಏಳೂದು.
ಗೋಳಗುಮ್ಮಟ ಇನ್ನೂ ಕತ್ತಲಿ ಗಂಟಿನಂಗ ಇದ್ದಾಗ
ಸೋಲಾಪುರ ರಸ್ತೆ ಹಿಡಿಯೂದು.
ಎದುರು ಗಾಳಿಗೆ ಒಂದು ಕಿಲೋಮೀಟರು ಅಂವ ಮುಂದ,
ಒಂದು ಕಿಲೋಮೀಟರು ನಾ.
ಹೊರ್ತಿ ಮುಟ್ಟಿದ ಮ್ಯಾಲ ರೊಟ್ಟಿ, ಶೇಂಗಾ ಹಿಂಡಿ.
ಅವನ ಬುತ್ತಿ ನಾ ತಿನ್ನೂದು, ನಂದು ಅಂವ.
ಹಿಂಗ ನಾಕು ವರ್ಷ.
ಇಬ್ಬರ ತೊಡಿನೂ ಒಂದ ಅಳತಿ,
ಕೋಚ್ ಸರ್ ದಾರ ಸುತ್ತಿ ನೋಡಿದ್ರು.

ಸೈಕಲ್ಲರ ನನಗ ಎಲ್ಲಿಂದ ಬಂತು?
ರೇಲ್ವೆ ಗ್ಯಾಂಗಿನಾಗಿದ್ದ ಮಾವಗ ಹೋಟಗಿಗೆ ಬದಲಿ ಆತು,
ಒಯ್ಯಾಕ ಜಾಗಾ ಇಲ್ಲಂತ ಬಿಟ್ಟು ಹೋದ.
ನಮ್ಮ ಓಣ್ಯಾಗ ನನಗಿಂತ ಜೋರು ಇದ್ದಾಂವ ರಾಜೇಸಾಬ.
ಅವಂಗ ಯಾವ ಮಾವನೂ ಬದಲಿ ಆಗಲಿಲ್ಲ.
ಅವನ ತೊಡಿಗೆ ಯಾರೂ ದಾರ ಸುತ್ತಲಿಲ್ಲ.
ಈಗ ಮಾರ್ಕೆಟ್ಟಿನಾಗ ಉಳ್ಳಾಗಡ್ಡಿ ಚೀಲ ಹೊರ್ತಾನ,
ಚೀಲ ಹೊತ್ತೂ ಓಡಿನ ಹೋಗ್ತಾನ.

ಆರಿಸೂ ದಿನ.
ಹಾಸ್ಟೆಲಿನಾಗ ಉಳದಿದ್ದು ಒಂದ ಹಾಸಿಗಿ.
ತಿಡಗುಂದಿ ತಿರುವು. ಅಂವ ಎಡಕ್ಕ, ನಾ ಬಲಕ್ಕ.
ನಡುವ ಒಂದು ಗೇಣು.
ಜಾಲಿ ಮುಳ್ಳು ಬಲಕ್ಕಿತ್ತು.

ಅಷ್ಟ.

"ನಿನ್ನ ನಸೀಬ ಬಿಡೋ ಮೌಲಾ" ಅಂತಾರ ಕೆಲವರು.
"ಇನ್ನೂ ಜಿದ್ದು ಹಿಡೀಬೇಕಿತ್ತು" ಅಂತಾರ ಕೆಲವರು.
ಎರಡಕ್ಕೂ ಹೂಂ ಅಂತೀನಿ, ಪಂಪು ಹೊಡೀತೀನಿ.
ಮುಳ್ಳಿನ ಹೆಸರು ಪೇಪರಿನಾಗ ಬರಂಗಿಲ್ಲ.
ಬರಲಿ ಅಂತನೂ ನಾ ಅನ್ನಂಗಿಲ್ಲ.
ಆಮ್ಯಾಲ ಹತ್ತು ವರ್ಷ ಅಂವ ತುಳದಾನಲ್ಲ,
ಅದನ್ನೇನು ಮುಳ್ಳು ತುಳದಿಲ್ಲ.

ನಾನೂ ಸುಮ್ನ ಕುಂತಿಲ್ಲ ಬಿಡ್ರಿ.
ನೀರಿನ ಬುಟ್ಟಿ ಬೇಕಾಗಿಲ್ಲ ನನಗ ಈಗ.
ಟ್ಯೂಬು ಗಲ್ಲಕ್ಕ ಹಿಡದ್ರ ಸಾಕು,
ಸೂಜಿ ಮೊನಿಯಷ್ಟು ಉಸಿರು,
ಎಲ್ಲಿಂದ ಬಂತು, ಹೇಳ್ತೀನಿ.
ಇದಕ್ಕ ಪದಕ ಇಲ್ಲ. ಮೂವತ್ತು ರೂಪಾಯಿ.

ಇವತ್ತು ಸಂಜೀಕ ದಾನಮ್ಮ ಬಂದಿದ್ಲು,
ಕಾಖಂಡಕಿ ಕಡಿ ಹುಡುಗಿ, ನಾಳಿ ಆರಿಸೂದೈತಿ ಅಕಿದು.
ಟಾಯರಿನ ಒಳಗ ಬಟ್ಟು ಆಡಿಸಿದೆ,
ಮೂರು ಮುಳ್ಳು ತಗದು ಅಕಿ ಅಂಗೈಯಾಗ ಇಟ್ಟೆ.
"ಕಾಕಾ, ನನ್ನ ನಸೀಬ ಹೆಂಗೈತೋ ಏನೋ."
"ಅದನ್ನ ಗೋಡಿ ಮ್ಯಾಲಿನ ಹಲ್ಲಿ ಕೇಳು" ಅಂದೆ,
"ನಿನ್ನ ಚೈನಿಗೆ ಎಣ್ಣಿ ಆಗೇತಿ, ಅದು ನಂಗ ಗೊತ್ತು."
ನಕ್ಕಳು. ರೊಕ್ಕ ಕೊಡಾಕ ಮರತು ಹೋದಳು.

ರಾತ್ರಿ ಅಂಗಡಿ ಬಾಗಲಾ ಎಳದು
ಸೈಕಲ್ಲಿಗೆ ಕಸಬರಿಗಿ ಕಟ್ಟಿಕೊಂಡು ಬಂದೀನಿ.
ತಿಡಗುಂದಿ ತಿರುವು, ಎಡಕ್ಕ ಬಲಕ್ಕ ಎರಡೂ,
ಬ್ಯಾಟರಿ ಹಲ್ಲಾಗ ಕಚ್ಚಿ ಕಸ ಹೊಡೀತೀನಿ.
ಒಂದು ಲಾರಿ ನಿಂತಿತು.
"ಏನ್ ಕಳಕೊಂಡೀಯಪಾ?"
ಬ್ಯಾಟರಿ ತಗದು ಅಂದೆ:
"ಒಂದು ಮುಳ್ಳು. ಇಪ್ಪತ್ತೆರಡು ವರ್ಷ ಆತು."
ಕುಡದಾನ ಅನಕೊಂಡಿರಬೇಕು, ಗೇರು ಹಾಕಿದ.

ನಾಳಿ ಅಕಿ ಗೆದ್ರ, ಬೆವರಿಂದ ಗೆದ್ದೆ ಅಂತಾಳ.
ಅನ್ಲಿ. ಖರೇನ ಐತಿ.
ಸೋತ್ರ ಏನಂತಾಳೋ, ನನಗ ಗೊತ್ತಿಲ್ಲ.

ಹೊಲದ ಕಡಿಂದ ಗಾಳಿ ಎದ್ದೈತಿ.
ದಂಡಿಮ್ಯಾಲ ಜಾಲಿ ಗಿಡ ಮೈ ಝಾಡಿಸಾಕತ್ತಾವ.
ಬಲಗಡಿಯಿಂದ
ಮತ್ತೊಮ್ಮೆ ಸುರು ಮಾಡ್ತೀನಿ.